ತವರಿಗೆ ಹೋಗುವ ರೈಲು ವಿಠ್ಠಲವಾಡಿಯಲ್ಲಿ ನಿಲ್ಲುವುದಿಲ್ಲ

ಮುಂಬಯಿಯಿಂದ ಬೆಂಗಳೂರಿಗೆ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್, ಕಲ್ಯಾಣ ಬಿಟ್ಟ ಕೆಲವೇ ನಿಮಿಷಗಳಲ್ಲಿ ಒಂದು ಸಣ್ಣ ನಿಲ್ದಾಣವನ್ನು ದಾಟಿ ಹೋಗುತ್ತದೆ. ಅದು ವಿಠ್ಠಲವಾಡಿ. ಅಲ್ಲಿ ನಿಲ್ಲುವುದು ಲೋಕಲ್ ಗಾಡಿಗಳು ಮಾತ್ರ. ಹಿಂದೆ ಕಲ್ಯಾಣ ಪೂರ್ವದ ಒತ್ತೊತ್ತಾದ ಚಾಳುಗಳು, ಮುಂದೆ ಉಲ್ಲಾಸನಗರ. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಶಿಬಿರದಲ್ಲಿ, ದೇಶ ಇಬ್ಭಾಗವಾದಾಗ ಮನೆ ಕಳೆದುಕೊಂಡು ಬಂದ ಸಿಂಧಿ ಕುಟುಂಬಗಳನ್ನು ನೆಲೆಗೊಳಿಸಿ, 1949ರಲ್ಲಿ ಹೆಸರಿಟ್ಟ ಊರು ಅದು. ಇವತ್ತಿಗೂ ಅಲ್ಲಿಯವರು ವಿಳಾಸ ಹೇಳುವಾಗ ಕ್ಯಾಂಪ್ ನಂಬರ್ ಹೇಳುತ್ತಾರೆ. ಹೀಗೆ ಮನೆ ಬಿಟ್ಟು ಬಂದವರ ಸೀಮೆಯಿದು. ಉಡುಪಿ, ಮಂಗಳೂರು ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರೂ, ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಠಾಣೆಯಿಂದ ಬದಲಾಪುರದವರೆಗೆ ಈ ಹಳಿಯ ಉದ್ದಕ್ಕೂ ಹರಡಿಕೊಂಡಿದ್ದಾರೆ.

ಇಂಥ ಊರಿನ ಯಾವುದಾದರೂ ಚಾಳಿನಲ್ಲಿ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಊಹಿಸಿಕೊಳ್ಳುವುದೇನು, ಚಾಳಿನಲ್ಲಿ ಬೆಳೆದವರಿಗೆ ನೆನಪೇ ಇರುತ್ತದೆ. ಪಕ್ಕದ ಖೋಲಿಯಲ್ಲಿ ಪಾತ್ರೆ ಬಿದ್ದ ಸದ್ದು. ಆಮೇಲೆ ಪಾತ್ರೆಯದ್ದಲ್ಲದ ಸದ್ದು. ಈಚೆಯ ಮನೆಯಲ್ಲಿ ಯಾರೋ ಟಿವಿಯ ದನಿ ಏರಿಸುತ್ತಾರೆ. ಇನ್ನು ಯಾರೋ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಗಾದೆ ಹೇಳಿ ಮಗ್ಗುಲಾಗುತ್ತಾರೆ. ಹನ್ನೊಂದರ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಹೊರಗೆ ನಿಲ್ಲುತ್ತಾಳೆ. ಒಂದು ಗಳಿಗೆ ಆಚೆ ಈಚೆ ನೋಡಿ ಮತ್ತೆ ಒಳಗೆ ಹೋಗುತ್ತಾಳೆ.

ಹೀಗೆ ಒಳಗೆ ಹೋಗುವವಳನ್ನು ನೋಡಿ ಜನ ಕೇಳುವುದು ಒಂದೇ ಪ್ರಶ್ನೆ: ಇಷ್ಟೆಲ್ಲ ಆದರೂ ಯಾಕೆ ಬಿಟ್ಟು ಹೋಗುವುದಿಲ್ಲ? ಚರಿತ್ರೆ ಓದುವವರು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: ಹೊರಟರೆ ಎಲ್ಲಿಗೆ? ಕಳೆದ ನೂರೈವತ್ತು ವರ್ಷಗಳಲ್ಲಿ ಈ ಎರಡನೆಯ ಪ್ರಶ್ನೆಗೆ ಪುಣೆ–ಮುಂಬಯಿ ಸೀಮೆಯಲ್ಲಿ ಒಂದಾದ ಮೇಲೊಂದು ಉತ್ತರಗಳು ಹುಟ್ಟಿವೆ. ಅವುಗಳಲ್ಲಿ ಕೆಲವು ನಮ್ಮ ಮಣ್ಣಿನಿಂದ ಹೋದವರೇ ಕೊಟ್ಟ ಉತ್ತರಗಳು. ಕಾನೂನುಗಳ ಚರಿತ್ರೆಯನ್ನು ನಾವು ಹೆಚ್ಚಾಗಿ ಓದಿದ್ದೇವೆ. ಈ ಪ್ರಬಂಧ ಬಾಗಿಲುಗಳ ಚರಿತ್ರೆ.

ತವರು ಎಂಬ ಹಳೆಯ ಆಶ್ರಯ

ನಮ್ಮ ನುಡಿಯಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ: ತವರು. ನಮ್ಮ ಜನಪದ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಈ ಮಾತಿನ ಸುತ್ತ ಹಾಡಿಕೊಂಡಷ್ಟು ಬೇರೆ ಯಾವುದರ ಸುತ್ತಲೂ ಹಾಡಿಕೊಂಡಿಲ್ಲ. ಆದರೆ ಅದೇ ನುಡಿಯಲ್ಲಿ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯೂ ಇದೆ. ತವರು ಕರೆಯುತ್ತದೆ, ಬಳೆ ತೊಡಿಸುತ್ತದೆ, ಬಾಣಂತನ ಮಾಡುತ್ತದೆ. ಆಮೇಲೆ ಬಸ್ ಹತ್ತಿಸಿ ಕಳಿಸುತ್ತದೆ. ‘ಸ್ವಲ್ಪ ಹೊಂದಿಕೊಂಡು ಹೋಗು’ ಎಂಬ ಮಾತನ್ನು ಹೆಣ್ಣುಮಕ್ಕಳು ಮೊದಲು ಕೇಳುವುದು ಅತ್ತೆಯ ಬಾಯಿಂದಲ್ಲ, ಹೆಚ್ಚಾಗಿ ತಾಯಿಯ ಬಾಯಿಂದ.

ಎಲ್ಲ ಕಡೆಯೂ ಹೀಗೇ ಇರಲಿಲ್ಲ. ತುಳುನಾಡಿನಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ನಡೆದುಬಂದ ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು. ಹೆಣ್ಣು ಮತ್ತು ಅವಳ ಮಕ್ಕಳು ಅವಳ ತಾಯಿಯ ಕುಟುಂಬದ ಸದಸ್ಯರು. ಮದುವೆಯಾದ ಮಾತ್ರಕ್ಕೆ ಆ ಸದಸ್ಯತ್ವ ಹೋಗುತ್ತಿರಲಿಲ್ಲ. ಗಂಡನ ಮನೆಯಲ್ಲಿ ಬಾಳುವೆ ಹಾಳಾದರೆ ಕುಟುಂಬದ ಮನೆಗೆ ಮರಳುವುದು ಅವಳ ಹಕ್ಕಾಗಿತ್ತು. ಮನೆಯ ಯಜಮಾನಿಕೆ ಹೆಣ್ಣಿಗೂ ಬರಬಹುದಿತ್ತು. ಇದನ್ನು ಸ್ವರ್ಗ ಎಂದು ಬಣ್ಣಿಸುವುದು ಬೇಡ. ಸೋದರಮಾವನ ದರ್ಬಾರೂ ದರ್ಬಾರೇ, ಆಸ್ತಿಯೇ ಇಲ್ಲದ ಬಡ ಕುಟುಂಬಗಳಿಗೆ ಹಕ್ಕು ಇದ್ದೂ ಅಷ್ಟಕ್ಕಷ್ಟೇ. ಆದರೂ ಮರಳಿ ಬಂದವಳನ್ನು ‘ಯಾಕೆ ಬಂದೆ’ ಎಂದು ಕೇಳದ ಮನೆಯೊಂದನ್ನು ಕಟ್ಟಳೆಯೇ ಕಾಪಾಡಿತ್ತು ಎಂಬುದು ಸಣ್ಣ ಮಾತಲ್ಲ.

ಈ ಕಟ್ಟು ಸಡಿಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯ ಪಾಲಿಗೆ ದಾರಿ ಮಾಡಿತು; 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಉಳಿದದ್ದನ್ನು ದೇಶದ ಸಾಮಾನ್ಯ ನಿಯಮದತ್ತ ಎಳೆಯಿತು. ಅದೇ 1956ರ ಕಾಯಿದೆಯ 23ನೆಯ ಕಲಮು ನೋಡಿ: ಮಗಳಿಗೆ ತಂದೆಯ ಮನೆಯಲ್ಲಿ ವಾಸದ ಹಕ್ಕು ಇರುವುದು ಅವಳು ಮದುವೆಯಾಗದಿದ್ದರೆ, ವಿಧವೆಯಾಗಿದ್ದರೆ, ಗಂಡ ಬಿಟ್ಟಿದ್ದರೆ ಅಥವಾ ಗಂಡನಿಂದ ಬೇರೆಯಾಗಿದ್ದರೆ. ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಅವಳು ಆ ಮನೆಯಲ್ಲಿ ಪಾಲು ಕೇಳುವಂತಿಲ್ಲ. ಈ ಕಲಮು ಕಾಯಿದೆಯಿಂದ ಹೋದದ್ದು 2005ರಲ್ಲಿ.

ಕಾನೂನು ಒಂದು ಕಡೆಯಿಂದ ತವರನ್ನು ಬದಲಿಸುತ್ತಿದ್ದಾಗ ವಲಸೆ ಇನ್ನೊಂದು ಕಡೆಯಿಂದ ಅದನ್ನು ದೂರ ಮಾಡಿತು. ಮುಂಬಯಿಗೆ ಬಂದ ಹೆಣ್ಣಿಗೆ ಮನೆಯೆಂದರೆ ಗಂಡನ ಹೆಸರಿನ ಬಾಡಿಗೆಯ ಖೋಲಿ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವ ತನಕ ಮಂಗಳೂರು ಎಂದರೆ ಘಟ್ಟದ ರಸ್ತೆಯ ದೀರ್ಘ ಬಸ್ ಪ್ರಯಾಣ. ಕಲಬುರಗಿ ರೈಲಿನ ದಾರಿಯಲ್ಲಿ ಸುಮಾರು 500 ಕಿ.ಮೀ. ಟಿಕೆಟ್ಟಿನ ದುಡ್ಡೂ ಗಂಡನ ಕೈಯಲ್ಲೇ.

ಗಂಗಾಮೂಲದಿಂದ ಚೌಪಾಟಿಗೆ

ತವರು ಇಲ್ಲದವರಿಗೆ ಬೇರೆ ಬಾಗಿಲು ಬೇಕು ಎಂದು ಮೊದಲು ಕಂಡವರಲ್ಲಿ ಪುಣೆಯ ಫುಲೆ ದಂಪತಿ ಪ್ರಮುಖರು. ಮೇಲ್ಜಾತಿಯ ವಿಧವೆಯರು ಮನೆಯ ಗಂಡಸರಿಂದಲೇ ಗರ್ಭ ಧರಿಸಿ, ಮಾನಕ್ಕೆ ಅಂಜಿ ಕೂಸನ್ನೋ ತಮ್ಮನ್ನೋ ಕೊಂದುಕೊಳ್ಳುತ್ತಿದ್ದ ಕಾಲ. 1863ರಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಇಲ್ಲಿಗೆ ಬಂದು ಗುಟ್ಟಾಗಿ ಹೆರಿಗೆ ಮಾಡಿಸಿಕೊಳ್ಳಬಹುದು ಎಂದು ಊರಿನ ಗೋಡೆಗಳ ಮೇಲೆ ಚೀಟಿ ಅಂಟಿಸಿದರು. ಹಾಗೆ ಬಂದ ವಿಧವೆಯೊಬ್ಬಳ ಮಗನನ್ನೇ ಅವರು ದತ್ತು ಮಾಡಿಕೊಂಡರು, ಅವನೇ ಯಶವಂತ. ಆ ಚೀಟಿಯಲ್ಲಿ ಇಂದಿನ ಎಲ್ಲ ಆಶ್ರಯ ಕೇಂದ್ರಗಳ ಮೂಲ ಪಾಠವಿದೆ. ಬಾಗಿಲು ತೆರೆದರೆ ಸಾಲದು, ತೆರೆದಿದೆ ಎಂದು ಅವಳಿಗೆ ಗೊತ್ತಾಗಬೇಕು. ಬಂದವಳ ಗುಟ್ಟು ಕಾಯಬೇಕು. ತಪ್ಪು ಯಾರದ್ದು ಎಂದು ಹೊಸ್ತಿಲಲ್ಲೇ ವಿಚಾರಣೆ ನಡೆಸಬಾರದು.

ಎರಡನೆಯ ಹೆಸರು ನಮ್ಮದೇ ಘಟ್ಟದ ಕಾಡಿನಿಂದ ಹೊರಟದ್ದು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದಲ್ಲಿ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಹತ್ತಿರದ ಮಾಳ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಜನರ ಸಿಟ್ಟಿಗೆ ಗುರಿಯಾಗಿ ಅವರು ಕಾಡು ಸೇರಿದ್ದರು. ಮುಂದೆ ಮನೆ ಮಠ ಕಳೆದು, ಪುರಾಣ ಹೇಳುತ್ತ ದೇಶ ಸುತ್ತಿ, ಬರಗಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು, ಮದುವೆಯಾದ ಎರಡೇ ವರ್ಷದಲ್ಲಿ ವಿಧವೆಯಾಗಿ, ಕೈಯಲ್ಲಿ ಒಂದು ಹೆಣ್ಣುಕೂಸಿನೊಂದಿಗೆ ಉಳಿದವರು ರಮಾಬಾಯಿ. ‘ಹೊರಟರೆ ಎಲ್ಲಿಗೆ’ ಎಂಬ ಪ್ರಶ್ನೆಯನ್ನು ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಬಳಿ ಅವರು ಶಾರದಾ ಸದನ ತೆರೆದರು. ಅದು ಅನ್ನ ಛತ್ರವಲ್ಲ, ಶಾಲೆ. ಆಶ್ರಯಕ್ಕೆ ಬಂದವಳು ಓದಬೇಕು, ಕಸುಬು ಕಲಿಯಬೇಕು, ಆಮೇಲೆ ತನ್ನ ಕಾಲ ಮೇಲೆ ನಿಲ್ಲಬೇಕು. ಮೊದಮೊದಲು ಸೇರಿದ ವಿಧವೆ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಮರುವರ್ಷ ಸದನ ಪುಣೆಗೆ ಹೋಯಿತು. ಅಷ್ಟರಲ್ಲಿ ಕ್ರೈಸ್ತ ಮತ ಸ್ವೀಕರಿಸಿದ್ದ ರಮಾಬಾಯಿ ಹುಡುಗಿಯರನ್ನು ಮತಾಂತರ ಮಾಡುತ್ತಾರೆ ಎಂದು ಗದ್ದಲವೆದ್ದು ಹಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವಾದದ ಎರಡೂ ಬದಿಗೆ ಹೇಳುವುದಿದೆ. ಆದರೆ ಒಂದು ಮಾತು ಉಳಿಯುತ್ತದೆ: ಹೆಣ್ಣಿನ ಆಶ್ರಯದ ಬಗ್ಗೆ ಊರು ಜಗಳಾಡುವಾಗ, ಆಶ್ರಯ ಬೇಕಾದವಳನ್ನು ಯಾರೂ ಕೇಳಿರಲಿಲ್ಲ.

ಅದೇ ದಶಕದಲ್ಲಿ, ಅದೇ ನಗರದಲ್ಲಿ, ಕಾನೂನಿನ ಬಾಗಿಲು ಹೇಗಿತ್ತು? ಹನ್ನೊಂದರ ವಯಸ್ಸಿನಲ್ಲಿ ಮದುವೆಯಾಗಿದ್ದ ರಖಮಾಬಾಯಿ, ಬೆಳೆದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. 1884ರಲ್ಲಿ ಗಂಡ ದಾವೆ ಹೂಡಿದ. ಮೊದಲ ನ್ಯಾಯಾಧೀಶರು ಅವರ ಪರವಾಗಿ ತೀರ್ಪು ಕೊಟ್ಟರೂ, ಮೇಲ್ಮನವಿಯ ನಂತರ 1887ರಲ್ಲಿ ಬಂದ ಆದೇಶ ಹೀಗಿತ್ತು: ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು. ಆಕೆ ಜೈಲಿಗೆ ಸಿದ್ಧ ಎಂದರು. 1888ರಲ್ಲಿ ಹಣ ಕೊಟ್ಟು ರಾಜಿಯಾಯಿತು. ಮುಂದೆ ಆಕೆ ವೈದ್ಯೆಯಾದರು. ಹಿಂದೆ ನಿಲ್ಲುವ ಮನೆಯೊಂದು ಇದ್ದದ್ದರಿಂದ ರಖಮಾಬಾಯಿ ‘ಇಲ್ಲ’ ಎನ್ನಬಲ್ಲವರಾದರು. ಅದಿಲ್ಲದವರಿಗೆ ಗಂಡನ ಮನೆ ಮತ್ತು ಜೈಲು ಎಂಬ ಎರಡೇ ಬಾಗಿಲು.

ಠಾಣೆಯೊಳಗೊಂದು ಕುರ್ಚಿ

ಇಪ್ಪತ್ತನೆಯ ಶತಮಾನದಲ್ಲಿ ಮುಂಬಯಿಗೆ ಬಂದ ಕನ್ನಡ, ತುಳು ಜನ ತಮ್ಮವರಿಗಾಗಿ ಬಹಳ ಕಟ್ಟಿದರು. 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. ಹೋಟೆಲ್ ಹುಡುಗರಿಗೆ ರಾತ್ರಿಶಾಲೆಗಳು ಬಂದವು. ಡೊಂಬಿವಲಿಯಲ್ಲಿ ಮಂಜುನಾಥ ವಿದ್ಯಾಲಯದಂಥ ಶಾಲೆ ಬಂತು. ಯಕ್ಷಗಾನ, ಭಜನೆ, ಸಾವಿನ ಮನೆಗೆ ನೆರವು ಎಲ್ಲವೂ ಇತ್ತು. ಆದರೆ ಮನೆಯೊಳಗಿನ ಹೊಡೆತ ಸಂಘದ ಸಭೆಗೆ ಬರುವ ವಿಷಯವೆಂದು ಆ ಕಾಲ ಭಾವಿಸಿರಲಿಲ್ಲ. ಬಂದರೆ ಹಿರಿಯರು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತಿದ್ದರು. ರಾಜಿ ಎಂದರೆ ಅವಳು ಮರಳುವುದು. ಇದು ಕನ್ನಡಿಗರದ್ದೊಂದೇ ಕತೆಯಲ್ಲ, ಆ ಊರಿನ ಎಲ್ಲ ನುಡಿಯವರದ್ದೂ ಇದೇ ಕತೆ.

ಮೌನ ಮುರಿದದ್ದು ಒಂದು ಪೊಲೀಸ್ ಠಾಣೆಯ ಕಾರಣದಿಂದ. 1972ರ ಮಾರ್ಚ್ 26ರ ರಾತ್ರಿ, ಮಹಾರಾಷ್ಟ್ರದ ಆಗಿನ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಠಾಣೆಗೆ ಮನೆಯವರ ದೂರಿನ ಸಂಬಂಧ ಹೋಗಿದ್ದ ಆದಿವಾಸಿ ಹುಡುಗಿಯ ಮೇಲೆ ಠಾಣೆಯೊಳಗೇ ಅತ್ಯಾಚಾರ ನಡೆಯಿತು. ಮಥುರಾ ಪ್ರಕರಣ ಎಂದು ನಾವು ಓದಿರುವುದು ಇದನ್ನೇ. ಹೈಕೋರ್ಟು ಕೊಟ್ಟಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1978ರಲ್ಲಿ ತಳ್ಳಿಹಾಕಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಮುಂಬಯಿಯಲ್ಲಿ ಹೆಂಗಸರು ಸೇರಿ 1980ರಲ್ಲಿ ಅತ್ಯಾಚಾರ ವಿರೋಧಿ ವೇದಿಕೆ ಕಟ್ಟಿದರು. ಆದರೆ ವೇದಿಕೆಯ ಬಾಗಿಲಿಗೆ ಬರತೊಡಗಿದವರಲ್ಲಿ ಬಹಳ ಮಂದಿ ಮನೆಯಲ್ಲಿ ಹೊಡೆತ ತಿಂದವರು. ಹಾಗಾಗಿ ವೇದಿಕೆಯ ಹೆಸರೇ ಬದಲಾಯಿತು, ಅದು ಮಹಿಳಾ ದಮನ ವಿರೋಧಿ ವೇದಿಕೆಯಾಯಿತು.

ಹೀಗೆ ಬಂದವರಲ್ಲಿ ಒಬ್ಬರು ಫ್ಲೇವಿಯಾ ಆಗ್ನೆಸ್. 1947ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮಂಗಳೂರಿನ ಕದ್ರಿಯಲ್ಲಿ ಚಿಕ್ಕಮ್ಮನ ಆಸರೆಯಲ್ಲಿ ಬೆಳೆದು, ಮದುವೆಯ ನಂತರ ವರ್ಷಗಟ್ಟಲೆ ಹಿಂಸೆ ಉಂಡವರು. 1984ರಲ್ಲಿ ಅವರು ತಮ್ಮ ಕತೆಯನ್ನು ತಾವೇ ಬರೆದು ಪ್ರಕಟಿಸಿದರು. ಹಿಂಸೆಗೊಳಗಾದ ಹೆಂಗಸರಿಗಾಗಿ ಮುಂಬಯಿಯಲ್ಲಿ ಮಹಿಳಾ ಕೇಂದ್ರ ಕಟ್ಟುವುದರಲ್ಲಿ ಜೊತೆಯಾದರು. ಆಮೇಲೆ ಕಾನೂನು ಓದಿ ವಕೀಲರಾದರು, ಮಜಲಿಸ್ ಎಂಬ ಕಾನೂನು ನೆರವಿನ ಕೇಂದ್ರ ಕಟ್ಟಿದರು. ಅವರು ಮತ್ತೆ ಮತ್ತೆ ಹೇಳುತ್ತ ಬಂದ ಮಾತಿನ ತಿರುಳು ಇದು: ಗಂಡನನ್ನು ಜೈಲಿಗೆ ಹಾಕುವ ಕಾನೂನು ಬಂದ ಮಾತ್ರಕ್ಕೆ ಹೆಂಡತಿಗೆ ಮನೆ ಬಂದಂತಾಗಲಿಲ್ಲ. 1983ರ ಕೊನೆಯಲ್ಲಿ ದಂಡ ಸಂಹಿತೆಗೆ 498ಎ ಸೇರಿತು, ಗಂಡ ಮತ್ತು ಅವನ ಮನೆಯವರ ಕ್ರೌರ್ಯ ಅಪರಾಧವಾಯಿತು. ಆದರೆ ದೂರು ಕೊಟ್ಟ ರಾತ್ರಿ ಅವಳು ಮಲಗುವುದೆಲ್ಲಿ? ಮಕ್ಕಳ ಶಾಲೆಯ ಫೀಸು ಯಾರು ಕಟ್ಟುತ್ತಾರೆ? ಅದಕ್ಕೆ 498ಎ ಬಳಿ ಉತ್ತರವಿರಲಿಲ್ಲ.

1984ರಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆ ಒಂದು ಪ್ರಯೋಗ ಮಾಡಿತು. ಮುಂಬಯಿಯ ಪೊಲೀಸ್ ಕಮಿಷನರ್ ಕಚೇರಿಯೊಳಗೇ ಸಮಾಜ ಕಾರ್ಯಕರ್ತರನ್ನು ಕೂರಿಸಿತು. ಮಹಿಳೆಯರು ಮತ್ತು ಮಕ್ಕಳ ವಿಶೇಷ ಘಟಕ ಎಂದು ಅದಕ್ಕೆ ಹೆಸರು. ಅಲ್ಲಿದ್ದವರು ಪೊಲೀಸರಲ್ಲ, ಪೊಲೀಸರ ಅಧಿಕಾರದ ನೆರಳಿನಲ್ಲಿ ಕುಳಿತವರು. ಬಂದವಳ ಮಾತನ್ನು ಕೊನೆಯ ತನಕ ಕೇಳುವುದು, ನಂಬುವುದು, ಅವಳಿಗೇನು ಬೇಕೆಂದು ಅವಳಿಂದಲೇ ತಿಳಿಯುವುದು, ಬೇಕಾದರೆ ಗಂಡನನ್ನು ಕರೆಸುವುದು, ಅವಳ ಸೀರೆ, ಒಡವೆ, ಸರ್ಟಿಫಿಕೇಟು ತರಲು ಜೊತೆಗೆ ಹೋಗುವುದು. ಮುಂದೆ ಮಹಾರಾಷ್ಟ್ರ ಸರ್ಕಾರ ಈ ಪ್ರಯೋಗವನ್ನು ತನ್ನದಾಗಿಸಿಕೊಂಡು ಬೇರೆ ಜಿಲ್ಲೆಗಳಿಗೂ ಒಯ್ಯಿತು. ದೇಸಾಯಿಗಂಜ್‌ನಲ್ಲಿ ಹೆಣ್ಣಿಗೆ ಬಲೆಯಾಗಿದ್ದ ಠಾಣೆಯೊಳಗೇ ಹನ್ನೆರಡು ವರ್ಷಗಳ ನಂತರ ಅವಳಿಗೊಂದು ಕುರ್ಚಿ ಸಿಕ್ಕಿತು.

ಹಿರಿಯರ ಪಂಚಾಯಿತಿಗೂ ಈ ಕುರ್ಚಿಗೂ ವ್ಯತ್ಯಾಸವೇನು? ಎರಡೂ ಕಡೆ ಕೂರಿಸಿ ಮಾತಾಡಿಸುವುದೇ ತಾನೆ? ಪಂಚಾಯಿತಿಯ ಮೊದಲ ಪ್ರಶ್ನೆ ‘ಸಂಸಾರ ಉಳಿಯುವುದು ಹೇಗೆ’. ಘಟಕದ ಮೊದಲ ಪ್ರಶ್ನೆ ‘ಇವಳು ಇವತ್ತು ರಾತ್ರಿ ಸುರಕ್ಷಿತಳೇ’. ಬಂದವರಲ್ಲಿ ಬಹುಪಾಲು ಹೆಂಗಸರು ಕೇಳುತ್ತಿದ್ದುದು ಗಂಡನ ಜೈಲುವಾಸವನ್ನಲ್ಲ, ಹೊಡೆತ ನಿಲ್ಲುವುದನ್ನು. ಅದನ್ನು ಗೌರವಿಸಿಯೂ ಸುರಕ್ಷತೆಯನ್ನು ಮೊದಲಿಡಬಹುದು ಎಂಬುದು ಈ ಕೆಲಸ ಕಲಿಸಿದ ಪಾಠ.

ಬೆಂಗಳೂರಿನಲ್ಲಿ ವಿಮೋಚನಾ ಸಂಘಟನೆ ಬೇರೊಂದು ಬಾಗಿಲಲ್ಲಿ ನಿಂತಿತ್ತು: ಆಸ್ಪತ್ರೆಯ ಸುಟ್ಟಗಾಯದ ವಾರ್ಡು. ‘ಸ್ಟವ್ ಸಿಡಿದು ಸಾವು’ ಎಂದು ದಾಖಲಾಗುತ್ತಿದ್ದ ಎಳೆಯ ಹೆಂಡಂದಿರ ಸಾವುಗಳನ್ನು ಒಂದೊಂದಾಗಿ ಬೆನ್ನು ಹತ್ತಿ, ಸಿಡಿದದ್ದು ಸ್ಟವ್ವೇ ಹೌದೇ ಎಂದು ಅದು ಕೇಳಿತು. ಕರ್ನಾಟಕದ ಹಳ್ಳಿಗಳಲ್ಲಿ ಮತ್ತೊಂದು ಬಗೆ. 1989ರಲ್ಲಿ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಬಡ ದಲಿತ ಹೆಂಗಸರ ಸಂಘಗಳನ್ನು ಕಟ್ಟಿತು. ಹಲವು ಊರುಗಳಲ್ಲಿ ಆ ಸಂಘಗಳು ತಮ್ಮದೇ ‘ಸಂಘದ ಮನೆ’ ಕಟ್ಟಿಕೊಂಡವು. ಗಂಡನದೂ ಅಲ್ಲದ, ತಂದೆಯದೂ ಅಲ್ಲದ ಒಂದು ಮನೆ. ಅದರ ಬೆಲೆ ಅಲ್ಲಿ ಒಂದು ರಾತ್ರಿ ಕಳೆದವಳಿಗೇ ಗೊತ್ತು.

ಬಚ್ಚಲಲ್ಲಿ ಜಾರಿ ಬಿದ್ದೆ

ಠಾಣೆಗೆ ಹೋಗುವುದೆಂದರೆ ಎಲ್ಲರ ಕಣ್ಣಿಗೆ ಬೀಳುವುದು. ಆದರೆ ಆಸ್ಪತ್ರೆಗೆ ಹೋಗಲು ಕಾರಣ ಹೇಳಬೇಕಿಲ್ಲ, ಗಂಡನೂ ತಡೆಯಲಾರ. ಹೊಡೆತ ತಿಂದವಳು ಬೇರೆಲ್ಲೂ ಹೋಗದಿದ್ದರೂ ಹೊಲಿಗೆ ಹಾಕಿಸಿಕೊಳ್ಳಲು ಬಂದೇ ಬರುತ್ತಾಳೆ. ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎನ್ನುತ್ತಾಳೆ. ಡಾಕ್ಟರು ಹಾಗೆಯೇ ಬರೆದುಕೊಳ್ಳುತ್ತಾರೆ.

2000ದಲ್ಲಿ ಮುಂಬಯಿ ಮಹಾನಗರ ಪಾಲಿಕೆ ಮತ್ತು ಸೇಹತ್ ಎಂಬ ಆರೋಗ್ಯ ಸಂಶೋಧನಾ ಸಂಸ್ಥೆ ಸೇರಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ತೆರೆದವು. ಸಾರ್ವಜನಿಕ ಆಸ್ಪತ್ರೆಯೊಳಗೆ ಇಂಥ ಕೇಂದ್ರ ದೇಶದಲ್ಲಿ ಇದೇ ಮೊದಲು. ನರ್ಸು, ಡಾಕ್ಟರು, ವಾರ್ಡಿನ ಆಯಾಗಳಿಗೆ ತರಬೇತಿ ಕೊಡಲಾಯಿತು: ಗಾಯ ಮತ್ತು ಹೇಳಿದ ಕತೆ ತಾಳೆಯಾಗುತ್ತದೆಯೇ ನೋಡಿ, ಒಬ್ಬಳೇ ಇರುವಾಗ ಮೆಲ್ಲಗೆ ಕೇಳಿ, ಅವಳು ಹೇಳಿದ್ದನ್ನು ಹೇಳಿದಂತೆಯೇ ದಾಖಲಿಸಿ, ಆಪ್ತಸಲಹೆಗಾರರ ಕೋಣೆ ತೋರಿಸಿ. ಆ ದಾಖಲೆ ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ. ಮನೆಗೆ ಮರಳುವುದು ಅಪಾಯವೆನಿಸಿದರೆ, ವೈದ್ಯಕೀಯ ನಿಗಾದ ಹೆಸರಿನಲ್ಲಿ ಅವಳನ್ನು ಒಂದು ದಿನದ ಮಟ್ಟಿಗೆ ವಾರ್ಡಿನಲ್ಲೇ ಉಳಿಸಿಕೊಳ್ಳುವ ಏರ್ಪಾಡೂ ಇತ್ತು. ತವರಿಲ್ಲದ ಊರಿನಲ್ಲಿ ಆಸ್ಪತ್ರೆಯ ಮಂಚವೇ ಒಂದು ರಾತ್ರಿಯ ತವರಾಯಿತು. 2006ರಲ್ಲಿ ಕುರ್ಲಾದಲ್ಲಿ ಎರಡನೆಯ ಕೇಂದ್ರ ಬಂತು, ಆಮೇಲೆ ಪಾಲಿಕೆಯ ಇನ್ನಷ್ಟು ಆಸ್ಪತ್ರೆಗಳಿಗೆ ಹಬ್ಬಿತು.

ಠಾಣೆಯ ಕುರ್ಚಿ, ಆಸ್ಪತ್ರೆಯ ಮಂಚ: ಎರಡರಲ್ಲೂ ಒಂದೇ ಜಾಣತನವಿದೆ. ಹಿಂಸೆಗೊಳಗಾದವಳು ಹುಡುಕಿಕೊಂಡು ಬರಲಿ ಎಂದು ದೂರದಲ್ಲಿ ಬೋರ್ಡು ಹಾಕಿ ಕೂರಲಿಲ್ಲ, ಅವಳು ಬೇರೆ ಕಾರಣಕ್ಕೆ ಹೇಗೂ ಬರುವ ಜಾಗದಲ್ಲಿ ಬಾಗಿಲು ತೆರೆದರು.

ಮನೆ ಯಾರದ್ದು?

2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 17ನೆಯ ಕಲಮು ಹಳೆಯ ಪ್ರಶ್ನೆಯನ್ನೇ ತಿರುವಿ ಹಾಕಿತು: ಅವಳು ಯಾಕೆ ಹೊರಡಬೇಕು? ಗಂಡನೊಡನೆ ಬಾಳಿದ ಮನೆ ಅವಳ ಹೆಸರಿನಲ್ಲಿರಲಿ ಇಲ್ಲದಿರಲಿ, ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಆದರೆ ಎರಡು ತಿಂಗಳೊಳಗೆ, 2006ರ ಡಿಸೆಂಬರಿನಲ್ಲಿ, ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅತ್ತೆಯ ಹೆಸರಿನ ಮನೆಗೆ ಈ ಹಕ್ಕು ಇಲ್ಲ ಎಂದಿತು. ನಮ್ಮ ದೇಶದಲ್ಲಿ ಎಷ್ಟು ಸೊಸೆಯಂದಿರ ಗಂಡಂದಿರ ಹೆಸರಿನಲ್ಲಿ ಮನೆ ಇರುತ್ತದೆ? ಆ ತೀರ್ಪನ್ನು ಅದೇ ಕೋರ್ಟು ತಿದ್ದಿದ್ದು 2020ರ ಅಕ್ಟೋಬರಿನಲ್ಲಿ, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ. ನಡುವಿನ ಹದಿನಾಲ್ಕು ವರ್ಷ ಆ ಹೊಸ್ತಿಲಿನಿಂದ ಹೊರಬಿದ್ದವರ ಲೆಕ್ಕ ಯಾವ ತೀರ್ಪಿನಲ್ಲೂ ಇಲ್ಲ.

ವಲಸೆ ಬಂದವರಿಗೆ ಮುಖ್ಯವಾದ ಇನ್ನೊಂದು ಕಲಮು ಇದೇ ಕಾಯಿದೆಯಲ್ಲಿದೆ, 27ನೆಯದು. ಅವಳು ತಾತ್ಕಾಲಿಕವಾಗಿ ಎಲ್ಲಿ ವಾಸಿಸುತ್ತಾಳೋ ಅಲ್ಲಿಯ ಮ್ಯಾಜಿಸ್ಟ್ರೇಟರಿಗೂ ಅರ್ಜಿ ಕೊಡಬಹುದು. 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 498ಎ ವಿಷಯದಲ್ಲೂ ಇದೇ ದಿಕ್ಕಿನಲ್ಲಿ ಹೇಳಿತು: ಗಂಡನ ಮನೆಯಿಂದ ಹೊರಬಿದ್ದು ತವರಿನ ಆಶ್ರಯ ಪಡೆದವಳು ಅಲ್ಲಿಯೇ ದೂರು ಕೊಡಬಹುದು. ಅಂದರೆ ವಿಠ್ಠಲವಾಡಿಯಲ್ಲಿ ಹೊಡೆತ ತಿಂದು ಕಲಬುರಗಿಗೆ ಬಂದವಳು ಪ್ರತಿ ವಾಯಿದೆಗೂ ಕಲ್ಯಾಣದ ಕೋರ್ಟಿಗೆ ರೈಲು ಹತ್ತಬೇಕಿಲ್ಲ. ಅವಳ ತಂದೆ ತಾಯಿ ಇದನ್ನು ತಿಳಿದಿದ್ದರೆ ‘ಕೇಸು ಅಲ್ಲಿಯದು, ನಾವೇನು ಮಾಡೋಣ’ ಎನ್ನುವುದಿಲ್ಲ.

ನೆರೆಯ ಬಾಗಿಲು

ಇಷ್ಟೆಲ್ಲ ಬಾಗಿಲು ತೆರೆದ ಮೇಲೂ ಅಂಕಿಅಂಶ ಏನು ಹೇಳುತ್ತದೆ? 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗಂಡನಿಂದ ಹಿಂಸೆ ಅನುಭವಿಸಿದ ಹೆಂಗಸರ ಪ್ರಮಾಣ ದೇಶದಲ್ಲಿ ಶೇ. 29.3, ಮಹಾರಾಷ್ಟ್ರದಲ್ಲಿ ಶೇ. 25.2, ಕರ್ನಾಟಕದಲ್ಲಿ ಶೇ. 44.4. ದೇಶದಲ್ಲೇ ಅತಿ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ. 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವವರು ಹೆಚ್ಚಿದರೋ ಎಂದು ವಾದಿಸಬಹುದು. ವಾದಕ್ಕೆ ಜಾಗವಿಲ್ಲದ ಅಂಕಿ ಇನ್ನೊಂದಿದೆ: ಹಿಂಸೆಗೊಳಗಾದವರಲ್ಲಿ ನೆರವು ಕೇಳಿದವರು ಶೇ. 14 ಮಾತ್ರ. ಕೇಳಿದವರಲ್ಲೂ ಹೆಚ್ಚಿನವರು ಮೊದಲು ಹೋದದ್ದು ತವರಿಗೆ. ಪೊಲೀಸರು, ಡಾಕ್ಟರು, ವಕೀಲರು, ಸಂಸ್ಥೆಗಳ ಹತ್ತಿರ ಹೋದವರು ತೀರ ಕಡಿಮೆ.

ತವರು ದೂರವಿರುವಲ್ಲಿ ಮೊದಲ ಬಾಗಿಲು ಯಾವುದು? ಪಕ್ಕದ ಮನೆಯದ್ದು. ನೂರೈವತ್ತು ವರ್ಷಗಳಲ್ಲಿ ನಾವು ತೆರೆಯದೆ ಉಳಿಸಿದ ಬಾಗಿಲೂ ಅದೇ.

ನೆರೆಹೊರೆ, ಸಮುದಾಯ ಎಂದ ಕೂಡಲೇ ಎಲ್ಲವೂ ಒಳ್ಳೆಯದೇ ಎಂದು ತಿಳಿಯಬಾರದು. ವಿಠ್ಠಲವಾಡಿಯಿಂದ ಎರಡು ನಿಲ್ದಾಣ ಆಚೆ ಅಂಬರನಾಥ. ಕಂಜರಭಾಟ ಸಮುದಾಯದಲ್ಲಿ ಮದುವೆಯ ರಾತ್ರಿ ವಧುವಿನ ಕನ್ಯತ್ವ ಪರೀಕ್ಷಿಸುವ ಪದ್ಧತಿಯ ವಿರುದ್ಧ ಅದೇ ಸಮುದಾಯದ ಯುವಕ ಯುವತಿಯರು ದನಿಯೆತ್ತಿದಾಗ, ಅಂಥ ಒಂದು ಕುಟುಂಬದ ಅಜ್ಜಿ ತೀರಿಕೊಂಡರೂ ಜನ ಅಂತ್ಯಕ್ರಿಯೆಗೆ ಬಾರದಂತೆ ಬಹಿಷ್ಕಾರ ಹಾಕಿದರೆಂಬ ದೂರು 2019ರಲ್ಲಿ ಅಲ್ಲಿಯ ಠಾಣೆಯಲ್ಲಿ ದಾಖಲಾಯಿತು. ಸಾಮಾಜಿಕ ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರದಲ್ಲಿ 2016ರ ಕಾಯಿದೆಯೇ ಇದೆ. ಸಮುದಾಯ ಬಾಗಿಲೂ ಆಗಬಹುದು, ಗೋಡೆಯೂ ಆಗಬಹುದು.

2020ರ ಮಾರ್ಚ್ ಕೊನೆಗೆ ಲೋಕಲ್ ಗಾಡಿಗಳು ನಿಂತಾಗ ಇದರ ಪರೀಕ್ಷೆಯೇ ನಡೆಯಿತು. ಹೊಡೆಯುವವನೂ ಹೊಡೆತ ತಿನ್ನುವವಳೂ ಒಂದೇ ಖೋಲಿಯಲ್ಲಿ ಬಂದಿಯಾದರು. ಊರಿಗೆ ಹೋಗುವ ರೈಲಿಲ್ಲ. ಫೋನು ಮಾಡಲು ಒಂಟಿಯಾಗುವ ಗಳಿಗೆಯಿಲ್ಲ. ರಾಷ್ಟ್ರೀಯ ಮಹಿಳಾ ಆಯೋಗ ದೂರುಗಳಿಗಾಗಿ ವಾಟ್ಸಾಪ್ ನಂಬರು ತೆರೆಯಬೇಕಾಯಿತು. ಆ ದಿನಗಳಲ್ಲಿ ನೆರವಾಗಬಲ್ಲವರು ಗೋಡೆಯಾಚೆ ಕೇಳಿಸಿಕೊಳ್ಳುತ್ತಿದ್ದವರು ಮಾತ್ರ.

ಗೋಡೆಯಾಚೆಯವರು ಏನು ಮಾಡಬಹುದು? 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆ ‘ಬೆಲ್ ಬಜಾವೋ’ ಎಂಬ ಪ್ರಚಾರ ನಡೆಸಿತ್ತು. ಅದರಲ್ಲಿ ನೆರೆಯವನು ಬೇರೇನೂ ಮಾಡುವುದಿಲ್ಲ, ಹೋಗಿ ಗಂಟೆ ಒತ್ತುತ್ತಾನೆ. ಹಾಲು ಕೇಳುತ್ತಾನೆ, ಒಂದು ಫೋನು ಮಾಡಲೇ ಎನ್ನುತ್ತಾನೆ. ಕೈ ನಿಲ್ಲುತ್ತದೆ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಒಳಗಿನವನಿಗೆ ತಿಳಿಯುತ್ತದೆ, ಅವಳಿಗೂ ತಿಳಿಯುತ್ತದೆ. ಧಾರಾವಿಯಲ್ಲಿ ಸ್ನೇಹಾ ಸಂಸ್ಥೆ ಅಲ್ಲಿಯ ಹೆಂಗಸರನ್ನೇ ‘ಸಂಗಿನಿ’ಯರಾಗಿ ತಯಾರು ಮಾಡಿದ್ದೂ ಇದೇ ನಂಬಿಕೆಯಿಂದ. ಓಣಿಯಲ್ಲಿ ಯಾರ ಮನೆಯಲ್ಲಿ ಏನು ಎಂದು ಓಣಿಯವಳಿಗೆ ಗೊತ್ತು. ಠಾಣೆಗೆ, ಆಸ್ಪತ್ರೆಗೆ ಜೊತೆಗೆ ನಡೆಯುವವಳೂ ಅವಳೇ.

ಕನ್ನಡದವರಿಗೆ ಇದರಲ್ಲೊಂದು ವಿಶೇಷ ಕೆಲಸವಿದೆ. ಊರಿನಿಂದ ಮದುವೆಯಾಗಿ ನೇರ ಇಲ್ಲಿಗೆ ಬಂದವಳಿಗೆ ಮರಾಠಿ ಬಾರದು, ಹಿಂದಿ ಅರೆಬರೆ. ನೋವನ್ನು ಅರೆಬರೆ ನುಡಿಯಲ್ಲಿ ಹೇಳಲಾಗುವುದಿಲ್ಲ. ಹೇಳಿದರೂ ಬರೆದುಕೊಳ್ಳುವವರಿಗೆ ಸಿಗುವುದು ‘ಗಂಡ ಹೆಂಡಿರ ಜಗಳ’ ಎಂಬ ಒಂದು ಸಾಲು. ಅವಳ ಪಕ್ಕ ಕುಳಿತು, ಅವಳ ಮಾತಿಗೆ ತನ್ನದೇನನ್ನೂ ಸೇರಿಸದೆ, ಅಲ್ಲಿಯವರಿಗೆ ತಿಳಿಸಬಲ್ಲ ಒಬ್ಬ ಹೆಂಗಸು ಸಾಕು. ಆ ದುಭಾಷಿ ಗಂಡನ ಕಡೆಯ ನೆಂಟರಾಗಿರಬಾರದು ಅಷ್ಟೇ. ಶಾಲೆ, ಭಜನಾ ಮಂಡಳಿ, ಮಹಿಳಾ ವಿಭಾಗ ಕಟ್ಟಿದ ನಮ್ಮ ಜನಕ್ಕೆ, ಪ್ರತಿ ಬಡಾವಣೆಯಲ್ಲಿ ಇಂಥ ಇಬ್ಬರ ಹೆಸರು ಗೊತ್ತುಮಾಡಿ ಇಡುವುದು ಕಷ್ಟದ ಕೆಲಸವಲ್ಲ.

ಉಳಿದದ್ದು ಸರಳ. ಅವಳು ಬಾಗಿಲಿಗೆ ಬಂದರೆ ಕೂರಿಸಿ, ನೀರು ಕೊಡಿ, ‘ನೀನೇನು ಮಾಡಿದೆ’ ಎಂದು ಕೇಳಬೇಡಿ. ಬುದ್ಧಿ ಹೇಳಲೆಂದು ಗಂಡನ ಬಳಿ ಓಡಬೇಡಿ. ಅವಳು ಬಾಯಿ ಬಿಟ್ಟಳೆಂದು ತಿಳಿದ ರಾತ್ರಿಯೇ ಹೊಡೆತ ಹೆಚ್ಚುವುದುಂಟು. ಬಿಟ್ಟು ಬಾ ಎಂದು ಅವಸರಿಸಲೂ ಬೇಡಿ. ಹೊರಡುವ ಹೊತ್ತೇ ಅತಿ ಅಪಾಯದ್ದು, ಅದನ್ನು ಅವಳು ಲೆಕ್ಕ ಹಾಕಿ ಹೊರಡಬೇಕು. ಅವಳ ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ದಾಖಲೆಗಳ ಪ್ರತಿ ನಿಮ್ಮ ಕಪಾಟಿನಲ್ಲಿರಲಿ. ಜೀವಕ್ಕೆ ಅಪಾಯವೆನಿಸಿದರೆ 112. ಮಹಿಳಾ ಸಹಾಯವಾಣಿ 181, ಅಲ್ಲಿಂದ ಸಖಿ ಒನ್ ಸ್ಟಾಪ್ ಕೇಂದ್ರದ ದಾರಿ ಸಿಗುತ್ತದೆ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ಐದು ದಿನದವರೆಗೆ ಉಳಿಯುವ ಅವಕಾಶವಿದೆ. ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ ಅದನ್ನು ಕೊಡುವಾಗ ಆದಾಯ ನೋಡುವುದಿಲ್ಲ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟ ನೆರೆಯವರ ಮೇಲೆ ಯಾವ ಹೊಣೆಯೂ ಬರದು ಎಂದು 2005ರ ಕಾಯಿದೆಯ 4ನೆಯ ಕಲಮೇ ಹೇಳುತ್ತದೆ. ‘ನಮಗ್ಯಾಕೆ ಉಸಾಬರಿ’ ಎಂಬ ಮಾತಿಗೆ ಕಾನೂನಿನ ಆಸರೆಯೂ ಉಳಿದಿಲ್ಲ.

ವಿಠ್ಠಲವಾಡಿಯಲ್ಲಿ ಉದ್ಯಾನ್ ನಿಲ್ಲುವುದಿಲ್ಲ. ಊರಿಗೆ ಹೋಗಬೇಕಾದವಳು ಲೋಕಲ್ ಹತ್ತಿ ಒಂದು ನಿಲ್ದಾಣ ಹಿಂದಕ್ಕೆ, ಕಲ್ಯಾಣಕ್ಕೆ ಬರಬೇಕು. ಐದು ನಿಮಿಷದ ದಾರಿ. ಆ ಐದು ನಿಮಿಷ ಅವಳ ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವವರು ಬೇಕು. ಹೋಗುವುದೋ, ಇಲ್ಲೇ ಉಳಿದು ತನ್ನ ಮನೆಯ ಹಕ್ಕು ಕೇಳುವುದೋ, ಅದನ್ನು ಅವಳೇ ತೀರ್ಮಾನಿಸಲಿ. ಈ ವಾರ ನಿಮ್ಮ ಚಾಳಿನಲ್ಲಿ, ನಿಮ್ಮ ಕಟ್ಟಡದಲ್ಲಿ, ಊರಿನಿಂದ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಇದ್ದರೆ ಸುಮ್ಮನೆ ಹೋಗಿ ಮಾತಾಡಿಸಿ ಬನ್ನಿ. ನಿಮ್ಮ ಮನೆಯ ಬಾಗಿಲು ಯಾವುದೆಂದು ಅವಳಿಗೆ ತಿಳಿದಿರಲಿ.